ಹಾವು ಕಚ್ಚಿದರೆ: ತೋಟದಿಂದ ಆಸ್ಪತ್ರೆಯವರೆಗೆ

ಕಳೆ ಹೊಡೆಯುವಾಗ, ಉದುರು ಕಾಫಿ ಹೆಕ್ಕುವಾಗ ಕೈ ನೇರ ದರಗಿನೊಳಕ್ಕೇ ಹೋಗುತ್ತದೆ. ಕಳಸ, ಮೂಡಿಗೆರೆ, ಕುದುರೆಮುಖದ ತೋಟಗಳಲ್ಲಿ ಹಾವು ಕಚ್ಚಿದವರಿಗೆ ವಿಷ ಎಷ್ಟು ಅಪಾಯವೋ ಆಸ್ಪತ್ರೆಯ ದೂರವೂ ಅಷ್ಟೇ ಅಪಾಯ. ಹಾಗಾಗಿ ತಯಾರಿ ಮೊದಲೇ ಆಗಬೇಕು.

ಇವತ್ತೇ ಮಾಡುವ ಕೆಲಸ: ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡು ಮಾತು ಕೇಳಿ. ಹಾವಿನ ವಿಷದ ಔಷಧಿ ದಾಸ್ತಾನಿದೆಯೇ? ರಾತ್ರಿ ವೈದ್ಯರು ಇರುತ್ತಾರೆಯೇ? ಕುದುರೆಮುಖದ ಕಡೆಯವರು ಕಳಸಕ್ಕೆ ಹೋಗುವುದೋ, ಘಟ್ಟ ಇಳಿದು ಕಾರ್ಕಳಕ್ಕೆ ಹೋಗುವುದೋ ಎಂದು ಈಗಲೇ ತೀರ್ಮಾನಿಸಿ. 108ಕ್ಕೆ ನೆಟ್‌ವರ್ಕ್ ಸಿಗುವ ಜಾಗ ಯಾವುದು, ರಾತ್ರಿ ಯಾರ ಜೀಪು ಹೊರಡುತ್ತದೆ ಎಂಬುದು ಲೈನ್‌ಮನೆಯ ಎಲ್ಲರಿಗೂ ತಿಳಿದಿರಲಿ.

ಕಚ್ಚಿದ ಕೂಡಲೇ: ಹಾವಿನಿಂದ ದೂರ ಸರಿಯಿರಿ. ಬಳೆ, ಉಂಗುರ, ಕಾಲುಂಗುರ ಬಿಚ್ಚಿ. ಬಾವು ಏರಿದ ಮೇಲೆ ಅವು ಬಿಚ್ಚಲು ಬರುವುದಿಲ್ಲ. ಕಚ್ಚಿದ ಕಾಲಿಗೆ ಎರಡು ಅಡಿಕೆ ದಬ್ಬೆ ಇಟ್ಟು, ಟವೆಲಿನಿಂದ ಬೆರಳು ತೂರುವಷ್ಟು ಸಡಿಲವಾಗಿ ಸುತ್ತಿ, ಅಲುಗಾಡದಂತೆ ಮಾಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ, ಸೊಪ್ಪಿನ ರಸ ಹಚ್ಚಬೇಡಿ. ಬಾವು ಎಲ್ಲಿಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಬಾವು ಎಷ್ಟು ಬೇಗ ಏರುತ್ತಿದೆ ಎಂದು ವೈದ್ಯರಿಗೆ ತಿಳಿಯುವುದು ಆ ಗೆರೆಯಿಂದ.

ನಡೆಸಬೇಡಿ. ಕುರ್ಚಿಯಲ್ಲೋ ಕಂಬಳಿಯಲ್ಲೋ ಹೊತ್ತು ರಸ್ತೆಗೆ ತನ್ನಿ. ಬೈಕ್ ಮಾತ್ರ ಇದ್ದರೆ ರೋಗಿಯನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಲಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕಣ್ಣೆದುರೇ ಇದ್ದರೆ ದೂರದಿಂದ ಒಂದು ಫೋಟೊ ಸಾಕು.

ನಾಟಿ ವೈದ್ಯರ ಬಳಿ ಉಳಿದವರೂ ಇದ್ದಾರಲ್ಲ ಎನ್ನುತ್ತಾರೆ. ಅವರಿಗೆ ವಿಷವಿಲ್ಲದ ಹಾವು ಕಚ್ಚಿರಬಹುದು, ವಿಷದ ಹಾವೂ ವಿಷ ಬಿಡದೆ ಕಚ್ಚಿರಬಹುದು. ಅವರನ್ನು ನೋಡಿ ನಾಟಿ ಮದ್ದನ್ನೇ ನಂಬಿ ಜೀವ ಪಣಕ್ಕಿಡಬೇಡಿ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ನೋವೂ ಇಲ್ಲ, ಬಾವೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಹೊರಡಿ.

ನಮ್ಮ ಘಟ್ಟದಲ್ಲಿ ಇನ್ನೊಂದು ತೊಡಕಿದೆ. ದೇಶದಲ್ಲಿ ಸಿಗುವ ಔಷಧಿ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ. ಕಾಫಿ ಗಿಡದಲ್ಲಿ, ದರಗಿನಲ್ಲಿ ಕೂರುವ ಗುಳಿಮಂಡಲಗಳಿಗೆ ಅದನ್ನು ನೆಚ್ಚುವಂತಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ಹೆಪ್ಪುಗಟ್ಟುತ್ತಿದೆಯೇ, ಮೂತ್ರಪಿಂಡ ಸರಿಯಿದೆಯೇ ಎಂದು ನೋಡುವುದು ಅಲ್ಲೇ. ಏನೂ ಕಾಣದಿದ್ದರೂ 24 ಗಂಟೆ ಅಲ್ಲೇ ಇರಿ. ಮನೆಗೆ ಬಂದ ಮೇಲೆ ಮೂತ್ರ ಕಡಿಮೆಯಾದರೆ, ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ದದ್ದು ಬಂದರೆ ಮತ್ತೆ ತೋರಿಸಿ.

2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗೆ ಹೋದರೂ ನಿಮ್ಮ ಪ್ರಕರಣ ದಾಖಲಾಗಬೇಕು.

ದನಕ್ಕೆ ಕಚ್ಚಿದರೆ: ಮೇಯುವಾಗ ಮೂತಿಗೆ, ಕಾಲಿಗೆ ಕಚ್ಚುವುದೇ ಹೆಚ್ಚು. ಮುಖ ಊದಿ ಉಸಿರು ಕಟ್ಟಬಹುದು. ಹಗ್ಗ, ಮೂಗುದಾರ ಸಡಿಲಿಸಿ, ನಡೆಸದೆ ನೆರಳಲ್ಲಿ ನಿಲ್ಲಿಸಿ, 1962ಕ್ಕೆ ಅಥವಾ ಪಶು ಆಸ್ಪತ್ರೆಗೆ ಕರೆ ಮಾಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ವಿಮೆ ಮಾಡಿಸಿದ ಹಸು ಸತ್ತರೆ ಕಿವಿಯೋಲೆ ಕೀಳಬೇಡಿ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಹೂಳಬೇಡಿ.