ವಾದ್ಯ ಕೈಕೊಡುವುದು ಏಕೆ?

ಜಾತ್ರೆ, ಗಣೇಶನ ಹಬ್ಬ, ಭಜನೆ ಎಂದರೆ ವಾದ್ಯ ಬೇಕೇ ಬೇಕು. ಎಲ್ಲರೂ ಬಂದು ಕೂತ ಮೇಲೆ ವಾದ್ಯ ಕೈಕೊಟ್ಟರೆ ಜನ ನಗ್ತಾರೆ. ಇದಕ್ಕೆ ಎಷ್ಟೋ ಸಲ ಸಣ್ಣ ತಪ್ಪೇ ಕಾರಣ.

1. ಹಾರ್ಮೋನಿಯಂ: ಮುಂದುಗಡೆ ಇರುವ ಗುಂಡಿಗಳನ್ನು ಎಳೆಯದೆ ತಿದಿ ಒತ್ತಿದರೆ ಸ್ವರ ಬರಲ್ಲ. ಒಳಗಿನ ಗಾಳಿಗೆ ದಾರಿ ಇರುವುದಿಲ್ಲ. ಜೋರಾಗಿ ಒತ್ತಿದರೆ ತಿದಿಯೇ ಹಾಳಾಗಬಹುದು.

2. ಮೃದಂಗ: ನುಡಿಸುವ ಮೊದಲು ಎಡಗಡೆಯ ಚರ್ಮಕ್ಕೆ ನೀರಲ್ಲಿ ಕಲಸಿದ ರವೆ ಮೆತ್ತುತ್ತಾರೆ. ಆ ಭಾರಕ್ಕೆ ದಪ್ಪ ನಾದ ಬರುತ್ತದೆ. ಮರೆತರೆ ಆ ನಾದ ಇಲ್ಲ. ನುಡಿಸಿದ ಮೇಲೆ ಅದನ್ನು ಕೆರೆದು ತೆಗೆಯಬೇಕು. ಬಿಟ್ಟರೆ ಒಣಗಿ ಕಲ್ಲಿನಂತೆ ಗಟ್ಟಿಯಾಗ್ತದೆ.

3. ತಮಟೆ: ಥಂಡಿಗೆ ಚರ್ಮ ಸಡಿಲವಾಗಿ ಬದಬದ ಅನ್ನುತ್ತದೆ. ಬೆಂಕಿಗೆ ಕಾಯಿಸಿದರೆ ತೇವ ಆರಿ ಬಿಗಿಯಾಗುತ್ತದೆ. ಅವಸರ ಮಾಡಿ ಬೆಂಕಿಗೆ ತೀರಾ ಹತ್ತಿರ ಹಿಡಿದರೆ ಚರ್ಮ ಸುಟ್ಟು ಹರಿಯುತ್ತದೆ.

ಜನ ನಕ್ಕಿದ್ದು ಮಾರನೇ ದಿನಕ್ಕೆ ಮರೆತುಹೋಗುತ್ತದೆ. ಆದರೆ ಚರ್ಮ ಹರಿದರೆ ಹೊಸದು ಕಟ್ಟಿಸುವ ತನಕ ತಮಟೆ ಬಡಿಯುವವರ ದುಡಿಮೆ ನಿಲ್ಲುತ್ತದೆ. ಆದ್ದರಿಂದ ಜನ ಸೇರುವ ಮೊದಲೇ ಒಂದು ಸಲ ನುಡಿಸಿ ನೋಡಬೇಕು. ನಾವೂ ವಾದ್ಯ ಕಂಡ ಕೂಡಲೇ ಕೇಳದೆ ಮುಟ್ಟಬಾರದು.