ಯುಗಾದಿಯ ಬೆಲೆ, ಆಷಾಢದ ಬೆಲೆ

ಮನೆ ಮಾರುವವರ ಬಾಯಲ್ಲಿ ವರ್ಷದ ಅತಿ ದೊಡ್ಡ ಅಂಕಿ ಹೊರಡುವುದು ಯುಗಾದಿಯ ಆಸುಪಾಸಿನಲ್ಲಿ. ಧನುರ್ಮಾಸದ ಮಂದ ವ್ಯಾಪಾರ ಹಿಂದೆ ಸರಿದಿರುತ್ತದೆ. ಮಕ್ಕಳ ಪರೀಕ್ಷೆ ಮುಗಿಸಿಕೊಂಡವರು ಜೂನ್‌ಗೆ ಮೊದಲೇ ಶಾಲೆಯ ಹತ್ತಿರ ಮನೆ ಹಿಡಿಯಬೇಕೆಂದು ಭಾನುವಾರಗಟ್ಟಲೆ ಅಲೆಯುತ್ತಾರೆ. ಮುಂದೆ ಅಕ್ಷಯ ತೃತೀಯ ಬೇರೆ. ಬ್ರೋಕರ್‌ಗಳ ಫೋನಿಗೆ ಬಿಡುವಿಲ್ಲ.

2024ರ ಯುಗಾದಿ ಬಿದ್ದದ್ದು ಏಪ್ರಿಲ್ 9ಕ್ಕೆ. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಅದೇ ವಾರ ಈ ಅಂಕಣಕಾರ ತಾಯಿಯನ್ನು ಜೊತೆಗೆ ಕರೆದುಕೊಂಡು ಉತ್ತರಹಳ್ಳಿಯ ಕಡೆ ಎರಡು ಬೆಡ್‌ರೂಮಿನ ಒಂದು ಹಳೆಯ ಫ್ಲಾಟ್ ನೋಡಲು ಹೋದ. ಹೇಳಿದ ಬೆಲೆ 82 ಲಕ್ಷ. ಮಾಲೀಕರು ಹೊಸ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ಎಳೆದು ತೋರಿಸುತ್ತಿದ್ದರೆ, ತಾಯಿ ಸದ್ದಿಲ್ಲದೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ಬೆರಳು ಗಾತ್ರದ ಧಾರೆ, ತುಸು ಹಳದಿ. ಇಳಿದು ಬರುವಾಗ ಅವರು ಸೆಕ್ಯೂರಿಟಿಯವನ ಗೂಡಿನ ಮುಂದೆ ನಿಂತು, "ಟ್ಯಾಂಕರ್ ಬರೆದಿಡೋ ಪುಸ್ತಕ ಎಲ್ಲಪ್ಪಾ?" ಎಂದರು. ಗೀರು ಹಾಕಿದ ನೂರು ಪುಟದ ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು. ಮಾರ್ಚ್ ತಿಂಗಳಿಡೀ ದಿನಕ್ಕೆ ಎರಡು ಟ್ಯಾಂಕರ್, ಹನ್ನೆರಡು ಸಾವಿರ ಲೀಟರಿನವು.

ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತ್ತು. ಐದು ಕಿಲೋಮೀಟರ್ ಒಳಗೆ ಹನ್ನೆರಡು ಸಾವಿರ ಲೀಟರಿಗೆ 1,000 ರೂಪಾಯಿ. ಅದೇ ದರದಲ್ಲಿ ಲೆಕ್ಕ ಹಾಕಿದರೂ ತಿಂಗಳಿಗೆ 60,000. ಕಟ್ಟಡದ ನಲವತ್ತೆಂಟು ಮನೆಗೆ ಹಂಚಿದರೆ ತಲಾ 1,250. ಮೇಂಟೆನೆನ್ಸ್ ಬೇರೆ. ಮಾಲೀಕರು ಈ ಮಾತನ್ನು ಎತ್ತಿರಲೇ ಇಲ್ಲ, ಕೇಳದೆ ಯಾರು ಹೇಳುತ್ತಾರೆ? ಚೈತ್ರದಲ್ಲಿ ಬೆಲೆ ಜಾಸ್ತಿ ನಿಜ, ಆದರೆ ಬೋರ್‌ವೆಲ್ ಸುಳ್ಳು ಹೇಳದ ತಿಂಗಳೂ ಅದೇ. ಅಕ್ಟೋಬರ್‌ನಲ್ಲಿ ನೋಡಿದ್ದರೆ ನಲ್ಲಿ ಭೋರೆನ್ನುತ್ತಿತ್ತು. (ಸೋರುವ ಚಾವಣಿ ಮಾತ್ರ ಏಪ್ರಿಲ್‌ನಲ್ಲಿ ಸುಖವಾಗಿ ಒಣಗಿರುತ್ತದೆ, ಆ ಪಾಠ ಮೊದಲ ಮಳೆಗೆ ಆಯಿತು.)

ಅಂಕಣಕಾರ 75 ಎಂದ. ಮಾಲೀಕರು ನಕ್ಕು ಕಾಫಿ ಕೊಟ್ಟು ಕಳಿಸಿದರು. ಜುಲೈನಲ್ಲಿ, ಆಷಾಢ ಹಿಡಿದ ಮೇಲೆ, ಅವರದೇ ಫೋನ್ ಬಂತು. ನೋಡಲು ಬರುವವರೇ ನಿಂತುಹೋಗಿದ್ದರು. ಆಷಾಢದಲ್ಲಿ ಮನೆಯ ಮಾತೇ ಎಂದು ಮಗ ಹಿಂಜರಿದರೆ ತಾಯಿ, "ಆಷಾಢದಲ್ಲಿ ಗೃಹಪ್ರವೇಶ ಬೇಡ ಅಂದಿದಾರೆ ಕಣೋ, ಚೌಕಾಸಿ ಬೇಡ ಅಂದಿಲ್ಲ" ಎಂದರು. 76ಕ್ಕೆ ಕುದುರಿತು. ಕರಾರು ಆಷಾಢದಲ್ಲಿ, ಕ್ರಯಪತ್ರದ ನೋಂದಣಿ ಶ್ರಾವಣದಲ್ಲಿ, ಆಗಸ್ಟ್ 22ಕ್ಕೆ.

ನೋಂದಣಿಯ ಖರ್ಚನ್ನು ಎಷ್ಟೋ ಜನ ಕೊನೆಯ ವಾರದವರೆಗೆ ಮರೆತಿರುತ್ತಾರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಆಗ ಶೇ 1 ಇದ್ದ ನೋಂದಣಿ ಶುಲ್ಕ, ಎಲ್ಲ ಕೂಡಿ ಶೇ 6.6. ಅಂದರೆ 76 ಲಕ್ಷಕ್ಕೆ 5,01,600. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 2 ಆಗಿರುವುದರಿಂದ ಇದೇ ಫ್ಲಾಟಿಗೆ ಈಗಾದರೆ 5,77,600. ಈ ದುಡ್ಡಿಗೆ ಬ್ಯಾಂಕಿನವರು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಮಾತಾಡಿದ ಬೆಲೆಗಿಂತ ಮಾರ್ಗಸೂಚಿ ದರ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ.

ಬಡ್ಡಿಯಲ್ಲಿ ಮಾತ್ರ ಅದೃಷ್ಟ ಒಲಿಯಿತು. ಸಾಲ ತೆಗೆದಾಗ ರೆಪೊ ದರ ಶೇ 6.5, ಗೃಹಸಾಲದ ಬಡ್ಡಿ 8.75. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊವನ್ನು ಹಂತಹಂತವಾಗಿ 5.25ಕ್ಕೆ ಇಳಿಸಿತು. ಇಪ್ಪತ್ತು ವರ್ಷದ 50 ಲಕ್ಷ ಸಾಲಕ್ಕೆ 8.75ರಲ್ಲಿ ಕಂತು ಸುಮಾರು 44,190, 7.5ರಲ್ಲಿ 40,280. ಆದರೆ ಸಾಲ ರೆಪೊಗೆ ಜೋಡಿಸಿದ್ದಾಗಿರಬೇಕು. ಪಕ್ಕದ ಮನೆಯವರದು ಹಳೆಯ ಎಂಸಿಎಲ್‌ಆರ್ ಸಾಲ, ಇಳಿಕೆ ಅವರನ್ನು ತಲುಪುತ್ತಿರುವುದು ಎತ್ತಿನಗಾಡಿಯಲ್ಲಿ.

ಇನ್ನು ಮಾರಾಟದ ಕಥೆ. 2025ರ ಯುಗಾದಿಗೆ ಸರಿಯಾಗಿ ಮೈಸೂರಿನ ಕುವೆಂಪುನಗರದ ಮನೆಯನ್ನು ಮಾರಲು ಇಟ್ಟರು. 1988ರಲ್ಲಿ ತಂದೆ ಕಟ್ಟಿಸಿದ್ದು. ಅವರು ತೀರಿಹೋದ ಮೇಲೆ ತಾಯಿ, ಮಗ, ಮಗಳು ಮೂವರಿಗೂ ಸಮಪಾಲು. ಅಂಕಣಕಾರ ಹೇಳಿದ ಬೆಲೆ ಒಂದು ಕೋಟಿ. ಹಿತ್ತಲಿನ ಬಾದಾಮಿ ಮಾವಿನ ಮರವನ್ನೂ ಆತ ಮನಸ್ಸಿನಲ್ಲೇ ಬೆಲೆಗೆ ಸೇರಿಸಿಕೊಂಡಿದ್ದ. ಕೊಳ್ಳಲು ಬಂದವರು ಮರದ ಸುತ್ತ ಒಂದು ಸುತ್ತು ಹಾಕಿ, "ಬೇರು ಸಂಪಿನೊಳಗೆ ಹೋಗಿರಬೇಕಲ್ಲ ಸರ್" ಎಂದರು. ಇನ್ನೊಬ್ಬರು ಹದಿನೈದು ಲಕ್ಷ ನಗದು, ಉಳಿದದ್ದು ಚೆಕ್ ಎಂದರು. ಸ್ಥಿರಾಸ್ತಿಗೆ 20,000 ಅಥವಾ ಹೆಚ್ಚಿನ ನಗದು ಪಡೆದರೆ ಅಷ್ಟೇ ದಂಡ ಕಟ್ಟಬೇಕಾದೀತು ಎಂದಾಗ ಅವರು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಖಾತೆಯ ತೊಡಕು. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯ. ತಂದೆಯ ಹೆಸರಿನಲ್ಲಿದ್ದ ಖಾತೆಯನ್ನು ಮೂವರ ಹೆಸರಿಗೆ ಬದಲಾಯಿಸಿಕೊಳ್ಳಬೇಕು; ಅದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಕಂದಾಯದ ರಸೀದಿಗಳು. ತಂದೆಯ ಹೆಸರು ಮೂಲಪತ್ರದಲ್ಲಿ ಇನಿಷಿಯಲ್‌ನೊಂದಿಗೆ, ಮರಣಪತ್ರದಲ್ಲಿ ಊರಿನ ಹೆಸರಿನೊಂದಿಗೆ. ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್. ಅರ್ಜಿ ಎರಡು ಸಲ ವಾಪಸು ಬಂತು. ಅಕ್ಷಯ ತೃತೀಯ ದಾಟಿತು, ಆಷಾಢವೂ ಬಂತು.

ಇಲ್ಲಿ ಅಂಕಣಕಾರನ ಹೊಟ್ಟೆಯೊಳಗೊಂದು ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ವಿನಾಯಿತಿ ಉಂಟು. ಮಾರಿದ ಎರಡು ವರ್ಷದೊಳಗೆ ಕೊಳ್ಳಬಹುದು, ಮಾರುವ ಮೊದಲೇ ಕೊಂಡಿದ್ದರೂ ನಡೆಯುತ್ತದೆ. ಆದರೆ ಹಿಂದಿನ ಒಂದೇ ವರ್ಷದೊಳಗೆ. ಫ್ಲಾಟು ಅವನ ಹೆಸರಿಗಾದದ್ದು ಹಿಂದಿನ ಆಗಸ್ಟ್ 22ಕ್ಕೆ. ಕೊಳ್ಳುವವರಿಗೆ ಈ ಆತುರದ ವಾಸನೆ ಬಡಿದಿತ್ತು. ಹಿಂದಿನ ಆಷಾಢದಲ್ಲಿ ಫ್ಲಾಟಿನ ಮಾಲೀಕರಿಗೆ ಇವನು ಮಾಡಿದ್ದನ್ನೇ ಈ ಆಷಾಢದಲ್ಲಿ ಅವರು ಇವನಿಗೆ ಮಾಡಿದರು. ಕೋಟಿ ಹೋಗಿ 90 ಲಕ್ಷಕ್ಕೆ ಬಂತು. ನೋಂದಣಿ ಆಗಸ್ಟ್ 11.

ವಿನಾಯಿತಿ ಕೈತಪ್ಪಿದ್ದರೆ ಎಷ್ಟು ಕಟ್ಟಬೇಕಿತ್ತು? ಅವನ ಪಾಲು 30 ಲಕ್ಷ. ಇಷ್ಟು ಹಳೆಯ ಮನೆಗೆ ಮೂಲಬೆಲೆಯೆಂದು ಹಿಡಿಯುವ 2001ರ ಏಪ್ರಿಲ್ 1ರ ಮೌಲ್ಯದಲ್ಲಿ ಅವನ ಪಾಲು 2 ಲಕ್ಷ. ಹಣದುಬ್ಬರ ಸೇರಿಸದೆ ಶೇ 12.5ರಂತೆ ತೆರಿಗೆ ಮೂರೂವರೆ ಲಕ್ಷ. ಹಳೆಯ ಪದ್ಧತಿಯಲ್ಲಿ ಹಣದುಬ್ಬರ ಸೇರಿಸಿ ಶೇ 20 ಅಂದರೆ ನಾಲ್ಕೂವರೆ ಲಕ್ಷ. 2024ರ ಬಜೆಟ್ ಇಂಡೆಕ್ಸೇಶನ್ ತೆಗೆದಾಗ ಬೈದವರಲ್ಲಿ ಅಂಕಣಕಾರನೂ ಒಬ್ಬ. ಬೆಲೆ ಹಲವು ಪಟ್ಟು ಏರಿದ ಹಳೆಯ ಮನೆಗೆ ಹೊಸ ಲೆಕ್ಕವೇ ಹಗುರ ಎಂಬುದು ಕ್ಯಾಲ್ಕುಲೇಟರ್ ಒತ್ತಿದ ಮೇಲೆ ತಿಳಿಯಿತು. ಕೊಳ್ಳುವವರು ಶೇ 1 ಟಿಡಿಎಸ್ ಎಂದು ಮೂವರಲ್ಲೂ ತಲಾ 30,000 ಹಿಡಿದರು. ಪ್ರತಿಯೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆಯಲ್ಲವೇ ಎಂದು ತಂಗಿ ವಾದಿಸಿದಳು. 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆಯನ್ನೇ ನೋಡುವುದು.

ಸೆಪ್ಟೆಂಬರ್‌ನಲ್ಲಿ ಕೊಂಡವರ ಫೋನ್. ನೋಂದಣಿ ಶುಲ್ಕ ಏರಿದ್ದನ್ನು ಪತ್ರಿಕೆಯಲ್ಲಿ ನೋಡಿದ್ದರು. "ನೀವು ಅರ್ಜೆಂಟ್ ಮಾಡಿದ್ದೇ ಒಳ್ಳೇದಾಯ್ತು ಸರ್, ತೊಂಬತ್ತು ಸಾವಿರ ಉಳೀತು." ಫೋನ್ ಸ್ಪೀಕರಿನಲ್ಲಿತ್ತು. ಸೊಪ್ಪು ಬಿಡಿಸುತ್ತ ಕೂತಿದ್ದ ತಾಯಿ ತಲೆ ಎತ್ತದೆ ಕೇಳಿದರು: "ಅದರಲ್ಲಿ ನಮಗೆಷ್ಟು ಕೊಡ್ತಾರಂತೆ ಕೇಳು."