ಮಾಸಿಕ ಪಾಠ: ಎಂಜಿನ್ನಿನಿಂದ ಎಣ್ಣೆ ಸೋರಿದರೆ ಏನು ಮಾಡಬೇಕು?



ಹಸು, ಹೊಲಿಗೆ ಯಂತ್ರ, ಸಣ್ಣ ಅಂಗಡಿ - ಇವಕ್ಕೆ ಸಂಘದಿಂದ ಸಾಲ ತೆಗೆಯುವುದು ನಮಗೆ ಅಭ್ಯಾಸವಾಗಿದೆ. ಈಗ ಬಾಡಿಗೆಗೆ ಓಡಿಸಲು ಹಳೆಯ ಕಾರು ಕೊಳ್ಳುವುದಕ್ಕೂ ಸದಸ್ಯೆಯರು ಸಾಲ ಕೇಳುತ್ತಿದ್ದಾರೆ. ಹಸುವಿಗೆ ಕಾಯಿಲೆಯಾದರೆ ನಮಗೆ ಗೊತ್ತಾಗುತ್ತದೆ. ಕಾರಿಗೆ ಕಾಯಿಲೆಯಾದರೆ? "ಅದು ಗಂಡಸರ ವಿಷಯ" ಎಂದು ಸುಮ್ಮನಾಗುತ್ತೇವೆ. ಆದರೆ ಕಂತು ಕಟ್ಟುವವರು ನಾವು.

ನಡೆದ ಸಂಗತಿ

ನಮ್ಮ ಒಂದು ಸಂಘದ ಸದಸ್ಯೆ ಮಗನಿಗಾಗಿ ಸಾಲ ತೆಗೆದು ಹಳೆ ಪೆಟ್ರೋಲ್ ಕಾರು ಕೊಂಡಿದ್ದರು. ಕೆಲವು ತಿಂಗಳಲ್ಲಿ ಎಂಜಿನ್ನಿನ ಬದಿಯಲ್ಲಿ ಎಣ್ಣೆ ಜಿನುಗಲು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಶಬ್ದ. ಒಂದು ಗ್ಯಾರೇಜಿನಲ್ಲಿ "ಎಂಜಿನ್ ಪೂರಾ ಇಳಿಸಬೇಕು" ಎಂದರು. ಹೇಳಿದ ಮೊತ್ತ ಬಾಕಿ ಇದ್ದ ಸಾಲಕ್ಕಿಂತ ಹೆಚ್ಚು. ಸಭೆಯಲ್ಲಿ ಅವರು ಅತ್ತರು. "ಸಿಸ್ಟರ್, ಎಂಥ ಮಾಡುವುದು? ಕೊರಳ ಚೈನು ಅಡವಿಡುವುದೊಂದೇ ದಾರಿ" ಎಂದರು.

ಸಂಘದವರು, "ಅಕ್ಕಾ, ಅಡವಿಡುವ ಮೊದಲು ಇನ್ನೊಬ್ಬರಿಗೆ ತೋರಿಸುವ" ಎಂದರು. ಎರಡನೆಯ ಮೆಕ್ಯಾನಿಕ್ ಎಂಜಿನ್ನಿನ ಬದಿ ತೊಳೆದು, ಸ್ವಲ್ಪ ಓಡಿಸಿ, ಎಣ್ಣೆ ಎಲ್ಲಿಂದ ಬರುತ್ತದೆಂದು ಕಣ್ಣಿಗೆ ತೋರಿಸಿದರು. ಸೋರುತ್ತಿದ್ದುದು ಟೈಮಿಂಗ್ ಚೈನ್ ಟೆನ್ಷನರ್. ಅದನ್ನು ಬದಲಾಯಿಸಿದ ಮೇಲೆ ಸೋರಿಕೆಯೂ ನಿಂತಿತು, ಶಬ್ದವೂ ನಿಂತಿತು. ಎಂಜಿನ್ ಇಳಿಸಲಿಲ್ಲ. ಚೈನು ಕೊರಳಲ್ಲೇ ಉಳಿಯಿತು.

ಏನಿದು ಟೆನ್ಷನರ್?

ಹೊಲಿಗೆ ಯಂತ್ರದಲ್ಲಿ ಸೂಜಿ ಇಳಿಯುವ ಹೊತ್ತಿಗೆ ಸರಿಯಾಗಿ ಕೆಳಗೆ ಶಟಲ್ ತಿರುಗಬೇಕು. ಹೊತ್ತು ತಪ್ಪಿದರೆ ಹೊಲಿಗೆ ಬಿಡುತ್ತದೆ, ಸೂಜಿಯೂ ಮುರಿಯಬಹುದು. ಎಂಜಿನ್ನಿನಲ್ಲಿಯೂ ಹಾಗೆಯೇ. ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ ಮೇಲಿನ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಿ ವಾಲ್ವ್‌ಗಳನ್ನು ತೆರೆಯುತ್ತದೆ. ಇವೆರಡನ್ನು ಜೋಡಿಸುವುದೇ ಟೈಮಿಂಗ್ ಚೈನ್.

ಸೈಕಲ್ ಚೈನಿನಂತೆ ಇದೂ ಸಡಿಲವಾಗಬಾರದು. ಅದನ್ನು ಬಿಗಿಯಾಗಿ ಇಡುವುದು ಟೆನ್ಷನರ್. ಇದರೊಳಗೆ ಒಂದು ಸ್ಪ್ರಿಂಗ್ ಮತ್ತು ಪ್ಲಂಜರ್ ಎಂಬ ಚಿಕ್ಕ ಕಡ್ಡಿ ಇರುತ್ತದೆ. ಎಂಜಿನ್ ಎಣ್ಣೆಯ ಒತ್ತಡದಿಂದ ಪ್ಲಂಜರ್ ಮುಂದೆ ಬಂದು ಚೈನಿನ ಪಟ್ಟಿಯನ್ನು ಒತ್ತುತ್ತದೆ. ಟೆನ್ಷನರ್ ಕುಳಿತುಕೊಳ್ಳುವ ಜಾಗದಲ್ಲಿ ರಬ್ಬರಿನ ಓ-ರಿಂಗ್ ಇದೆ. ಕುಕ್ಕರಿನ ಗ್ಯಾಸ್ಕೆಟ್ ಹಳತಾಗಿ ಗಟ್ಟಿಯಾದರೆ ಬದಿಯಿಂದ ಆವಿ ಬರುವುದಿಲ್ಲವೇ? ಹಾಗೆ ಈ ರಿಂಗ್ ಗಟ್ಟಿಯಾದರೆ ಎಣ್ಣೆ ಜಿನುಗುತ್ತದೆ.

ಚೈನು ತೀರಾ ಸಡಿಲವಾಗಿ ಹಲ್ಲು ಹಾರಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಆಗ ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತದೆ. ಆದ್ದರಿಂದ ಸಣ್ಣ ಸೋರಿಕೆಯೆಂದು ಬಿಡಬಾರದು.

ಹೇಗೆ ಬದಲಾಯಿಸುತ್ತಾರೆ?

ಎಲ್ಲಾ ಕಾರುಗಳಲ್ಲಿ ಒಂದೇ ರೀತಿ ಇಲ್ಲ. ಕೆಲವುಗಳಲ್ಲಿ ಟೆನ್ಷನರ್ ಮುಚ್ಚಳದ ಒಳಗಿದ್ದು, ಅಲ್ಲಿ ಕೆಲಸ ದೊಡ್ಡದೇ. ಹಾಗಾಗಿ ಹೆಚ್ಚು ಹಣ ಕೇಳಿದವರೆಲ್ಲ ಮೋಸಗಾರರಲ್ಲ. ಹಿಂದಿನ ಟೊಯೋಟಾ ಕೊರೋಲ್ಲಾ 1.8 ಕಾರಿನ 1ಝಡ್‌ಝಡ್-ಎಫ್‌ಇ ಎಂಜಿನ್ನಿನಲ್ಲಿ ಇದು ಹೊರಗಿನಿಂದಲೇ ಕೈಗೆ ಸಿಗುತ್ತದೆ. ಅದರ ಕ್ರಮ ಹೀಗಿದೆ:

1. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯುವುದು. ಒಳಗೆ ಮಣ್ಣು ಬೀಳದಂತೆ ಟೆನ್ಷನರಿನ ಸುತ್ತ ಸ್ವಚ್ಛ ಮಾಡುವುದು.
2. ಕ್ರ್ಯಾಂಕ್ ಪುಲ್ಲಿಯ ಗುರುತನ್ನು 0ಗೆ ತಂದು, ಮೊದಲನೆಯ ಪಿಸ್ಟನ್ ಮೇಲ್ತುದಿಗೆ ಬರುವಂತೆ ಮಾಡುವುದು.
3. ಎರಡು ನಟ್ಟು ಬಿಚ್ಚಿ ಟೆನ್ಷನರ್ ಹೊರತೆಗೆಯುವುದು. ಇನ್ನು ಮುಂದೆ ಹೊಸತು ಕೂರುವ ತನಕ ಎಂಜಿನ್ ತಿರುಗಿಸಲೇಬಾರದು. ಚೈನು ಸಡಿಲವಾಗಿದೆ, ಹಲ್ಲು ಹಾರಬಹುದು.
4. ಕೂರುವ ಜಾಗ ಒರೆಸಿ, ಹೊಸ ಓ-ರಿಂಗಿಗೆ ಎಂಜಿನ್ ಎಣ್ಣೆ ಸವರುವುದು. ಹಳೆ ರಿಂಗ್ ಮತ್ತೆ ಹಾಕಬಾರದು.
5. ಹೊಸ ಟೆನ್ಷನರಿನ ಪ್ಲಂಜರನ್ನು ಒಳಕ್ಕೆ ಒತ್ತಿ, ಅದರ ಕೊಕ್ಕೆಯನ್ನು ಪಿನ್ನಿಗೆ ಸಿಕ್ಕಿಸಿ ಕೂರಿಸುವುದು. ನಟ್ಟುಗಳಿಗೆ 9 ನ್ಯೂಟನ್ ಮೀಟರ್ ಬಿಗಿ ಸಾಕು. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ ಹಾಕಿದಷ್ಟು. ಶಕ್ತಿ ಇದೆಯೆಂದು ತಿರುವಿದರೆ ಮರೆ ಹಾಳಾಗುತ್ತದೆ.
6. ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಎಡಕ್ಕೆ ತಿರುಗಿಸಿ ಕೊಕ್ಕೆ ಬಿಡಿಸುವುದು. ಆಮೇಲೆ ಬಲಕ್ಕೆ ತಿರುಗಿಸಿ, ಪ್ಲಂಜರ್ ಪಟ್ಟಿಯನ್ನು ಒತ್ತುತ್ತಿದೆಯೇ ಎಂದು ನೋಡುವುದು. ಇದನ್ನು ಮರೆತು ಸ್ಟಾರ್ಟ್ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ.
7. ಬ್ಯಾಟರಿ ಜೋಡಿಸಿ, ಎಂಜಿನ್ ಓಡಿಸಿ, ಸೋರಿಕೆ ನೋಡಿ, ಎಣ್ಣೆಯ ಮಟ್ಟ ಸರಿಮಾಡುವುದು.

ಈ ಕೆಲಸವನ್ನು ನಾವೇ ಮಾಡಬೇಕೆಂದು ಇದನ್ನು ಬರೆದಿಲ್ಲ. ಗೊತ್ತಿದ್ದವರ ಹತ್ತಿರ ಮಾಡಿಸುವಾಗ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಲು ನಮಗೆ ಬಾಯಿ ಬರಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

- ಎಣ್ಣೆ ಎಲ್ಲಿಂದ ಸೋರುತ್ತಿದೆ? ತೊಳೆದು ತೋರಿಸಿ. (ಮೇಲಿನ ವಾಲ್ವ್ ಕವರಿನಿಂದ ಇಳಿದ ಎಣ್ಣೆಯೂ ಟೆನ್ಷನರಿನದ್ದೇ ಎಂಬಂತೆ ಕಾಣಬಹುದು.)
- ಓ-ರಿಂಗ್ ಮಾತ್ರ ಸಾಕೇ, ಟೆನ್ಷನರೇ ಬೇಕೇ? (ಶಬ್ದವಿಲ್ಲದೆ ಬರೀ ಸೋರಿಕೆ ಇದ್ದರೆ ರಿಂಗ್ ಮಾತ್ರ ಸಾಕಾಗಬಹುದು.)
- ಚೈನು ಸವೆದಿದೆಯೇ? (ಸವೆದಿದ್ದರೆ ಹೊಸ ಟೆನ್ಷನರಿನಿಂದ ಮಾತ್ರ ಗುಣವಾಗದು.)
- ಖರ್ಚನ್ನು ಮೊದಲೇ ಬರೆದು ಕೊಡಿ. ತೆಗೆದ ಹಳೆ ಭಾಗ ಮತ್ತು ಬಿಲ್ಲು ನಮಗೆ ಕೊಡಿ.

ನಾವು ಕಲಿತದ್ದು

ಇಲ್ಲಿ ನಮ್ಮ ತಪ್ಪೂ ಇದೆ. ಸಾಲ ಮಂಜೂರು ಮಾಡುವಾಗ ಆರ್.ಸಿ., ಇನ್ಶೂರೆನ್ಸ್ ಎಲ್ಲ ನೋಡಿದೆವು. ಬಾನೆಟ್ ತೆಗೆದು ನೋಡಲಿಲ್ಲ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ ಕೇಳಿದ್ದರೆ ಆ ಗರಗರ ಅಂದೇ ಕೇಳುತ್ತಿತ್ತೋ ಏನೋ. ಕಾರು ನಿಂತ ದಿನಗಳಲ್ಲಿ ಬಾಡಿಗೆ ಹೋಯಿತು, ಒಂದು ಕಂತು ತಡವಾಯಿತು. ಸಂಘದವರು ನಿರ್ಣಯ ಬರೆದು ದಂಡ ಬಿಟ್ಟರು. ಅದೇ ದಿನ ಇನ್ನೊಂದು ನಿರ್ಣಯವನ್ನೂ ಮಾಡಿದರು: ವಾಹನದ ಸಾಲ ಪಡೆದವರು ಪ್ರತಿ ವಾರ ಉಳಿತಾಯದ ಜೊತೆಗೆ ರಿಪೇರಿಗೆಂದು ಸ್ವಲ್ಪ ಹಣ ಬೇರೆಯಾಗಿ ಇಡಬೇಕು.

ಕಾರು ಇರುವ ಮನೆಯವರು ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಅಳತೆ ಕಡ್ಡಿ ತೆಗೆದು ಎಣ್ಣೆ ನೋಡಿ. ಎಣ್ಣೆಯ ಕೆಂಪು ದೀಪ ಹತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸಿ. ಹೇಳಿದ ಅವಧಿಗೆ ಎಣ್ಣೆ ಬದಲಾಯಿಸಿ. ಕೊಳೆ ಎಣ್ಣೆ ಚೈನು, ಟೆನ್ಷನರ್ ಎರಡನ್ನೂ ಸವೆಸುತ್ತದೆ. ದೀಪಕ್ಕೆ ಎಣ್ಣೆ ತೆಗೆದಿಟ್ಟ ಐದು ಮಂದಿ ಜಾಣ ಕನ್ಯೆಯರ ಸಾಮತಿ ನಾವೆಲ್ಲ ಕೇಳಿದ್ದೇವೆ. ಬೇಕಾದ ಹೊತ್ತಿಗೆ ಎಣ್ಣೆ ಇರಬೇಕಾದರೆ ಮೊದಲೇ ನೋಡಿರಬೇಕು.

ಚರ್ಚೆಗೆ

1. ನಮ್ಮ ಸಂಘದಲ್ಲಿ ಸಾಲದಿಂದ ಕೊಂಡ ಯಂತ್ರ, ವಾಹನ ಎಷ್ಟಿವೆ? ರಿಪೇರಿಗೆ ಹಣ ಯಾರು ಇಟ್ಟಿದ್ದಾರೆ?
2. "ಹೆಂಗಸರಿಗೆ ಇದೆಲ್ಲ ಗೊತ್ತಾಗದು" ಎಂದು ಯಾರಾದರೂ ಹೇಳಿದಾಗ ನಾವು ಏನು ಉತ್ತರ ಕೊಟ್ಟಿದ್ದೇವೆ?
3. ಹಳೆ ವಾಹನಕ್ಕೆ ಸಾಲ ಕೊಡುವ ಮೊದಲು ನೋಡಬೇಕಾದ ಐದು ವಿಷಯಗಳನ್ನು ಪಟ್ಟಿ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.